ಮನೆಯಿಲ್ಲದ ಬಾಗಿಲು, ಬಾಗಿಲಿಲ್ಲದ ಮನೆ

ದೇಶಗಳ ದೊಡ್ಡತನವನ್ನು ನಾವು ಸಾಮಾನ್ಯವಾಗಿ ಭೂಪಟದ ಮೇಲೆ ಅಳೆಯುತ್ತೇವೆ. ಭೂಪಟದಲ್ಲಿ ಹೆಚ್ಚು ಜಾಗವನ್ನು ಹಿಡಿದದ್ದು ದೊಡ್ಡ ದೇಶ. ಹೆಸರು ಬರೆಯುವುದಕ್ಕೂ ಎಡೆಯಿಲ್ಲದೆ ಪಕ್ಕದ ಸಮುದ್ರದಲ್ಲಿ ಅಕ್ಷರಗಳನ್ನು ಅಚ್ಚು ಹಾಕಿಸಿಕೊಂಡದ್ದು ಸಣ್ಣ ದೇಶ. ಶಾಲೆಯ ಮಕ್ಕಳಿಗೆ ಈ ಅಳತೆ ಸಾಕು. ವ್ಯಾಪಾರದ ಲೋಕದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಬೇರೆ: ನಿನ್ನ ಹೊಸ್ತಿಲನ್ನು ಎಷ್ಟು ಮಂದಿ ದಾಟಿ ಹೋಗಲೇಬೇಕು?

ಈ ಅಳತೆಯಿಂದ ನೋಡಿದರೆ ಆಫ್ರಿಕದ ಪೂರ್ವ ಕೊಂಬಿನಲ್ಲಿರುವ ಜಿಬೂತಿ ಎಂಬ ರಾಜ್ಯವು ದೊಡ್ಡದೇ ಸರಿ. ಅದರ ವಿಸ್ತೀರ್ಣ ಸುಮಾರು 23,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಎಂಟನೆಯ ಒಂದು ಪಾಲು. ಜನಸಂಖ್ಯೆ ಹತ್ತು ಲಕ್ಷವನ್ನು ತುಸು ಮೀರಿದ್ದು. ವರ್ಷವಿಡೀ ಹರಿಯುವ ಒಂದು ನದಿ ಅಲ್ಲಿಲ್ಲ. ಬೆಳೆಯೆಂದು ಹೇಳಿಕೊಳ್ಳುವಂಥ ಬೆಳೆಯಿಲ್ಲ. ಕಲ್ಲು, ಬಿಸಿಲು, ಉಪ್ಪಿನ ಸರೋವರ. ಫ್ರೆಂಚರಿಂದ 1977ರಲ್ಲಿ ಸ್ವತಂತ್ರವಾದಾಗ ಇದು ಬದುಕಿ ಉಳಿದೀತೇ ಎಂದು ಅನುಮಾನಿಸಿದವರು ಹಲವರು. ಅದು ಉಳಿಯಿತು. ಉಳಿಯಲು ಕಾರಣ, ಕೆಂಪು ಸಮುದ್ರಕ್ಕೂ ಏಡನ್ ಕೊಲ್ಲಿಗೂ ನಡುವಣ ಬಾಬ್ ಎಲ್ ಮಂದೆಬ್ ಎಂಬ ಇಕ್ಕಟ್ಟಾದ ಜಲಸಂಧಿಯ ಬಾಯಲ್ಲಿ ಅದು ಕುಳಿತಿರುವುದು. ಸೂಯೆಜ್ ಕಾಲುವೆಯ ದಾರಿ ಹಿಡಿದು ಯೂರೋಪಿಗೂ ಏಷ್ಯಕ್ಕೂ ನಡುವೆ ಓಡಾಡುವ ಹಡಗುಗಳೆಲ್ಲ ಅದರ ಕಣ್ಣೆದುರಿಗೇ ಹೋಗಬೇಕು.

ಇದು ವಿಶ್ವೇಶ್ವರಪುರದಲ್ಲಿ ಕುಳಿತವನಿಗೆ ಯಾವ ಸಂಬಂಧದ ಮಾತು ಎಂದು ವಾಚಕರು ಕೇಳಬಹುದು. ಸಜ್ಜನರಾಯರ ವೃತ್ತದ ಆಸುಪಾಸಿನಲ್ಲಿ ನಾವು ಬೆಳಗಾಗೆದ್ದು ಕುಡಿಯುವ ಕಾಫಿಯನ್ನೇ ತೆಗೆದುಕೊಳ್ಳೋಣ. ಬಾಬಾ ಬುಡನ್ ಎಂಬ ಸಂತರು ಅದರ ಏಳು ಬೀಜಗಳನ್ನು ಯೆಮೆನ್ನಿನ ಮೋಖಾದಿಂದ ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ನಮ್ಮ ನಾಡಿನ ಐತಿಹ್ಯ. ಆ ಮೋಖಾ ರೇವು ಇರುವುದು ಅದೇ ಜಲಸಂಧಿಯ ಆಚೆ ದಡದಲ್ಲಿ, ಜಿಬೂತಿಗೆ ತುಸು ಉತ್ತರದಲ್ಲಿ. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಅದನ್ನು ಹೆಚ್ಚಾಗಿ ಕೊಳ್ಳುವವರು ಇಟಲಿ ಮೊದಲಾದ ಯೂರೋಪಿನ ದೇಶದವರು. ಅಂದು ಬೀಜವಾಗಿ ಬಂದದ್ದು ಇಂದು ಮೂಟೆಯಾಗಿ ಅದೇ ದಾರಿಯಲ್ಲಿ ಮರಳುತ್ತಿದೆ. 2023ರ ನವೆಂಬರಿನಿಂದ ಯೆಮೆನ್ನಿನ ಹೂತಿಗಳು ಆ ನೀರಿನಲ್ಲಿ ಹಡಗುಗಳ ಮೇಲೆ ಬೀಳತೊಡಗಿದಾಗ, ಅನೇಕ ಹಡಗುಗಳು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರವನ್ನು ಬಳಸಿ ಹೋಗಬೇಕಾಯಿತು. ದಾರಿ ವಾರಗಟ್ಟಲೆ ಬೆಳೆಯಿತು. ಹಡಗಿನ ಬಾಡಿಗೆ ಏರಿತು. ಅದರ ಬಿಸಿ ಕೊಡಗಿನ ತೋಟದವರಿಗೂ ತಟ್ಟಿತು. ದೂರದ ಬಾಗಿಲು ಕಿರುಗುಟ್ಟಿದರೆ ನಮ್ಮ ಮನೆಯ ಗೋಡೆ ಅದುರುವ ಕಾಲ ಇದು.

ಜಿಬೂತಿಯ ಬೆನ್ನಿಗಿರುವ ಮನೆ ಇಥಿಯೋಪಿಯ. ಹನ್ನೆರಡು ಕೋಟಿಗೆ ಮಿಕ್ಕ ಜನ, ಹಳೆಯ ನಾಗರಿಕತೆ, ಫಲವತ್ತಾದ ಎತ್ತರದ ನೆಲ. ಇಲ್ಲದಿರುವುದೊಂದೇ, ಸಮುದ್ರ. 1993ರಲ್ಲಿ ಎರಿಟ್ರಿಯ ಪ್ರತ್ಯೇಕವಾದಾಗ ಅದರ ಕರಾವಳಿಯೆಲ್ಲ ಹೋಯಿತು. 1998ರಿಂದ 2000ದವರೆಗೆ ಆ ಇಬ್ಬರಿಗೂ ಯುದ್ಧ ನಡೆದು ಎರಿಟ್ರಿಯದ ರೇವುಗಳೂ ಮುಚ್ಚಿಹೋದುವು. ಅಂದಿನಿಂದ ಇಥಿಯೋಪಿಯದ ಪರದೇಶ ವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಭಾಗ ಜಿಬೂತಿಯ ಮೂಲಕವೇ ನಡೆಯುತ್ತಿದೆ. 1917ರಲ್ಲಿ ಆದಿಸ್ ಅಬಾಬದವರೆಗೆ ಮುಗಿದ ಹಳೆಯ ರೈಲುದಾರಿ ಸವೆದುಹೋದ ಮೇಲೆ, 2016ರಲ್ಲಿ ಚೀನೀಯರ ಸಾಲದಿಂದ, ಚೀನೀಯರ ಕೈಯಿಂದ ಸುಮಾರು 750 ಕಿಲೋಮೀಟರಿನ ಹೊಸ ವಿದ್ಯುತ್ ರೈಲುದಾರಿ ಸಿದ್ಧವಾಯಿತು. ಹೀಗೆ ಒಂದು ಕಡೆ ಮನೆಯಿಲ್ಲದ ಬಾಗಿಲು, ಇನ್ನೊಂದು ಕಡೆ ಬಾಗಿಲಿಲ್ಲದ ಮನೆ. ಒಂದಕ್ಕೊಂದು ಆಸರೆ, ಒಂದರ ಮೇಲೊಂದಕ್ಕೆ ಗುಮಾನಿ. ಬಾಡಿಗೆ ಕೊಟ್ಟು ಸಾಕಾದ ಇಥಿಯೋಪಿಯವು 2024ರ ಜನವರಿಯಲ್ಲಿ ಪಕ್ಕದ ಸೊಮಾಲಿಲ್ಯಾಂಡಿನೊಡನೆ ಕಡಲಿನ ಹಾದಿಗಾಗಿ ಒಪ್ಪಂದಕ್ಕೆ ಕೈಹಾಕಿದ್ದು, ಅದರಿಂದ ಸೊಮಾಲಿಯ ಸಿಡಿದೆದ್ದದ್ದು, ಎಲ್ಲವೂ ಈ ಗುಮಾನಿಯ ಫಲವೇ.

ಬಾಗಿಲಿಗೆ ಬೆಲೆ ಬಂದೊಡನೆ ಏಳುವ ಪ್ರಶ್ನೆ, ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬುದು. ಜಿಬೂತಿಯು 2006ರಲ್ಲಿ ದೊರಾಲೆ ಎಂಬಲ್ಲಿನ ಕಂಟೇನರ್ ಕಟ್ಟೆಯನ್ನು ದುಬಾಯಿಯ ಡಿ.ಪಿ. ವರ್ಲ್ಡ್ ಎಂಬ ಕಂಪನಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟಿತು. ಕಟ್ಟೆ ಚೆನ್ನಾಗಿಯೇ ನಡೆಯಿತು. ಆದರೆ ತನ್ನ ಅಂಗಳದಲ್ಲಿ ತನಗೇ ಅಧಿಕಾರವಿಲ್ಲವೆನ್ನಿಸಿ, 2018ರ ಫೆಬ್ರವರಿಯಲ್ಲಿ ಸರ್ಕಾರವೇ ಅದನ್ನು ವಶಪಡಿಸಿಕೊಂಡಿತು. ಲಂಡನ್ನಿನ ಪಂಚಾಯತಿ ನ್ಯಾಯಮಂಡಲಿಯು ಗುತ್ತಿಗೆ ಇನ್ನೂ ಊರ್ಜಿತವೆಂದು ತೀರ್ಮಾನಿಸಿತು, ಜಿಬೂತಿ ಒಪ್ಪಲಿಲ್ಲ. ಈ ನಡುವೆ 2013ರಲ್ಲಿಯೇ ಚೀನದ ಕಂಪನಿಯೊಂದು ಬಂದರಿನಲ್ಲಿ ಪಾಲು ಕೊಂಡಿತ್ತು. ಫ್ರೆಂಚರ, ಅಮೆರಿಕದವರ, ಜಪಾನಿನವರ, ಇಟಲಿಯವರ ಸೈನಿಕ ಠಾಣ್ಯಗಳಿದ್ದ ಆ ಚಿಕ್ಕ ನೆಲದಲ್ಲಿ 2017ರಲ್ಲಿ ಚೀನದ ಠಾಣ್ಯವೂ ಎದ್ದಿತು. ಒಬ್ಬರನ್ನೊಬ್ಬರು ಕಂಡರಾಗದವರೆಲ್ಲ ಒಂದೇ ಛತ್ರದಲ್ಲಿ ಬೇರೆಬೇರೆ ಕೋಣೆಗಳಲ್ಲಿ ಬಾಡಿಗೆಗಿದ್ದಂತೆ ಇದೆ ಅಲ್ಲಿನ ಸ್ಥಿತಿ. ಬಾಡಿಗೆ ಬರುತ್ತದೆ, ನಿಜ. ಆದರೆ ಬಾಡಿಗೆಯಿಂದ ಖಜಾನೆ ತುಂಬಿದಷ್ಟು ಸುಲಭವಾಗಿ ಬಡವನ ತಟ್ಟೆ ತುಂಬುವುದಿಲ್ಲ. ಕ್ರೇನುಗಳು ಹಗಲಿರುಳು ಆಡುವ ಆ ಊರಿನಲ್ಲಿ ಕೆಲಸವಿಲ್ಲದವರ ಸಂಖ್ಯೆ ಇಂದಿಗೂ ದೊಡ್ಡದು.

ಇದೆಲ್ಲ ಹೊಸ ಕಥೆಯೆಂದು ಭಾವಿಸುವ ಕನ್ನಡಿಗನು ತನ್ನ ಕರಾವಳಿಯ ಚರಿತ್ರೆಯನ್ನು ಓದಿಲ್ಲವೆಂದೇ ಹೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳನ್ನು ಮಾಡಿಸಿ, ಮೆಣಸಿನೊಡನೆ ಏಡನ್ನಿಗೆ ಕಳುಹಿಸುತ್ತಿದ್ದುದಕ್ಕೆ ಅವನ ಕಾಗದಪತ್ರಗಳೇ ಸಾಕ್ಷಿ. ವಿಜಯನಗರದ ಕಾಲಕ್ಕೆ ಬಂದರೆ ಹೋಲಿಕೆ ಇನ್ನೂ ಸ್ಪಷ್ಟವಾಗುತ್ತದೆ. ರಾಜಧಾನಿ ಒಳನಾಡಿನ ಬಂಡೆಗಳ ನಡುವೆ. ಸೈನ್ಯಕ್ಕೆ ಬೇಕಾದ ಕುದುರೆ ಬರಬೇಕಾದದ್ದು ಹೊರ್ಮುಜಿನಿಂದ, ಅರಬಸ್ತಾನದಿಂದ. ಅವು ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳವೂ ಹೊನ್ನಾವರವೂ ಮುಖ್ಯವಾದುವು. ಅಲ್ಲಿಂದ ಹೊರಡುತ್ತಿದ್ದುದು ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು. ಘಟ್ಟದ ಕಣಿವೆಗಳಲ್ಲಿ ಹೇರೆತ್ತುಗಳ ಸಾಲು ಸಾವಿರಗಟ್ಟಲೆ ಹತ್ತಿಳಿಯುತ್ತಿತ್ತು. ಈ ಬಾಗಿಲಿನ ಬೆಲೆಯನ್ನು ಪೋರ್ಚುಗೀಸರು ಬಂದ ಕೂಡಲೆ ಅರಿತರು. 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳದ ಮೇಲೆ ಬಿದ್ದು ಅಕ್ಕಿಯ ಕಪ್ಪಕ್ಕೆ ಒಪ್ಪಿಸಿದುವು. 1510ರಲ್ಲಿ ಆಲ್ಬುಕರ್ಕನು ಅಲ್ಲಿ ಕೋಟೆ ಕಟ್ಟಲು ವಿಜಯನಗರದ ಅಪ್ಪಣೆ ಬೇಡಿದನು. 1547ರ ಕೌಲಿನಲ್ಲಿ ಕುದುರೆಯ ವ್ಯಾಪಾರವೇ ಮುಖ್ಯ ವಿಷಯವಾಯಿತು.

ಆ ತೀರದ ಒಡತಿಯಾಗಿದ್ದವಳು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರ ಬಾಯಲ್ಲಿ ಅವಳು ಮೆಣಸಿನ ರಾಣಿ. ಹದಿನಾರನೆಯ ಶತಮಾನದ ನಡುವಿನಿಂದ ಅರ್ಧ ಶತಮಾನದ ಕಾಲ ಅವಳು ಆಳಿದಳು. ಚಿಕ್ಕ ರಾಜ್ಯ, ದೊಡ್ಡ ನೆರೆಹೊರೆ, ಕಡಲಿನಲ್ಲಿ ತೋಪು ಹೊತ್ತ ಪರದೇಶೀಯರು. ಇವರೆಲ್ಲರ ನಡುವೆ ಅವಳು ತನ್ನ ಬೀಗದ ಕೈಯನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಆದರೆ 1565ರ ಯುದ್ಧದಲ್ಲಿ ವಿಜಯನಗರವೆಂಬ ದೊಡ್ಡ ಮನೆಯೇ ಕುಸಿದ ಮೇಲೆ ಕುದುರೆ ಯಾರಿಗಾಗಿ ಬರಬೇಕು? ಭಟ್ಕಳದ ವ್ಯಾಪಾರ ಬಾಡಿತು. ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯವರು ಗೇರುಸೊಪ್ಪೆಯನ್ನು ಗೆದ್ದರು; ರಾಣಿ ಸೆರೆಯಲ್ಲಿ ತೀರಿಕೊಂಡಳು. ಬಾಗಿಲು ಎಷ್ಟು ಗಟ್ಟಿಯಾದರೇನು, ಒಳಗಿನ ಮನೆ ಬಿದ್ದರೆ ಅದು ಬಯಲಿನಲ್ಲಿ ನಿಂತ ಚೌಕಟ್ಟು ಮಾತ್ರ. ಜಿಬೂತಿಯ ಮುತ್ಸದ್ದಿಗಳು ಕಲಿಯಬೇಕಾದ ಪಾಠ ನಮ್ಮ ಶರಾವತಿಯ ದಡದಲ್ಲಿ ಬಿದ್ದಿದೆ.

ಇನ್ನು ಇಥಿಯೋಪಿಯದ ಪಾಠವನ್ನು ಮೈಸೂರು ಸ್ವತಃ ಅನುಭವಿಸಿದೆ. ಹೈದರನೂ ಟಿಪ್ಪುವೂ ಮಂಗಳೂರಿಗಾಗಿ ಎಷ್ಟು ಹೋರಾಡಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯಿದ್ದ ಕಾಲ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು, ಕೆನರಾ ಕರಾವಳಿಯನ್ನು ಮಾತ್ರ ತಾವೇ ಇಟ್ಟುಕೊಂಡರು. ವ್ಯಾಪಾರಿ ಜನಾಂಗಕ್ಕೆ ಯಾವುದನ್ನು ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಗೊತ್ತಿತ್ತು. 1862ರಲ್ಲಿ ಆ ಕರಾವಳಿಯೂ ಇಬ್ಭಾಗವಾಗಿ ಉತ್ತರ ಕನ್ನಡ ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. ಹೀಗೆ 157 ವರ್ಷ ಮೈಸೂರು ಬಾಗಿಲಿಲ್ಲದ ಮನೆಯಾಗಿತ್ತು. ಅದರ ಅದುರೂ ಕಾಫಿಯೂ ಪರರ ಬಂದರುಗಳಿಂದಲೇ, ಮದರಾಸಿನಿಂದ ಅಥವಾ ಮರ್ಮಗೋವೆಯಿಂದ, ಹಡಗು ಹತ್ತಬೇಕಾಯಿತು.

ಈ ಕೊರತೆಯನ್ನು ಮನಗಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ ದಿವಾನರಾಗಿದ್ದ ಅವರು 1913ರಲ್ಲಿ ಮೈಸೂರು ಬ್ಯಾಂಕನ್ನು, 1916ರಲ್ಲಿ ವಾಣಿಜ್ಯ ಮಂಡಲಿಯನ್ನು ಸ್ಥಾಪಿಸಿದ್ದನ್ನು ನಾವು ನೆನೆಯುತ್ತೇವೆ. ಭಟ್ಕಳದಲ್ಲಿ ಮೈಸೂರಿಗೆ ಒಂದು ಬಂದರೂ ಅದಕ್ಕೊಂದು ರೈಲುದಾರಿಯೂ ಬೇಕೆಂದು ಅವರು ಹಟ ಹಿಡಿದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಭಟ್ಕಳವು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಯೋಜನೆ ಕೈಗೂಡಲಿಲ್ಲ. ಕಾರ್ಖಾನೆ, ಬ್ಯಾಂಕು, ವಿದ್ಯಾಪೀಠ, ಬಂದರು, ಇವು ನಾಲ್ಕೂ ಒಂದೇ ಮನೆಯ ಕಂಬಗಳೆಂದು ಅವರು ಕಂಡಿದ್ದರು. ಮೂರನ್ನು ನಿಲ್ಲಿಸಿದರು, ನಾಲ್ಕನೆಯದನ್ನು ನಿಲ್ಲಿಸಲು ನೆಲವೇ ಅವರದಾಗಿರಲಿಲ್ಲ.

1956ರಲ್ಲಿ ನೆಲ ನಮ್ಮದಾಯಿತು. ಆಗ ಮಂಗಳೂರಿನಲ್ಲಿದ್ದದ್ದು ಮರಳು ತುಂಬಿದ ಅಳಿವೆಯ ಹಳೆಯ ರೇವು. ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದುವು. ಮಳೆಗಾಲದಲ್ಲಿ ಅದೂ ಇಲ್ಲ. ಉಳ್ಳಾಲ ಶ್ರೀನಿವಾಸ ಮಲ್ಯರಂಥವರ ಛಲದಿಂದ ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ಹಿಡಿಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂದೆನಿಸಿತು. 1979ರಲ್ಲಿ ಹಾಸನದಿಂದ ಘಟ್ಟವಿಳಿದು ಮಂಗಳೂರಿಗೆ ರೈಲು ಬಂದಿತು. ಪರದೇಶದ ಬಂಡವಾಳವೂ ಬಂದಿತು: 1975ರಲ್ಲಿ ಇರಾನಿನ ಷಾ ಸರ್ಕಾರ ಕುದುರೆಮುಖದ ಅದುರಿಗಾಗಿ 63 ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿತು. ಗಣಿ ಸಿದ್ಧವಾಗುವ ವೇಳೆಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವನೇ ಇಲ್ಲವಾದನು. ಬೇರೆ ಗಿರಾಕಿಗಳನ್ನು ಹುಡುಕಿ ನಡೆಸಿದ ಆ ಗಣಿಯು ಘಟ್ಟದ ಕಾಡಿನ ಮೇಲೂ ಭದ್ರೆಯ ನೀರಿನ ಮೇಲೂ ಬಿದ್ದ ಭಾರದಿಂದಾಗಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಒಬ್ಬನೇ ಗಿರಾಕಿಯನ್ನು ನಂಬಿ ಕಟ್ಟಿದ ಬಾಗಿಲಿನ ಗತಿ ಏನೆಂಬುದನ್ನು ತಿಳಿಯಲು ನಾವು ಆಫ್ರಿಕಕ್ಕೆ ಹೋಗಬೇಕಾಗಿಲ್ಲ.

ಹಾಗಾದರೆ ಈಗ ನಮಗೆ ಮನೆಯೂ ಇದೆ, ಬಾಗಿಲೂ ಇದೆ. ಇಲ್ಲದಿರುವುದು ಇವೆರಡರ ನಡುವಿನ ಹಜಾರ. ನನ್ನ ದೂರು ಇಷ್ಟೇ. ಬೆಂಗಳೂರಿನಿಂದ ಚೆನ್ನೈಗೂ ಮಂಗಳೂರಿಗೂ ರಸ್ತೆಯ ದೂರ ಹೆಚ್ಚುಕಡಮೆ ಒಂದೇ, ಸುಮಾರು 350 ಕಿಲೋಮೀಟರು. ಆದರೂ ವೈಟ್‌ಫೀಲ್ಡಿನ ಡಿಪೋದಲ್ಲಿ ತುಂಬಿದ ಕಂಟೇನರ್ ಪೆಟ್ಟಿಗೆಗಳು ಮುಖ್ಯವಾಗಿ ಮುಖ ಮಾಡುವುದು ಪೂರ್ವಕ್ಕೆ. ಪಣಂಬೂರು ವರ್ಷಕ್ಕೆ ಸುಮಾರು ನಾಲ್ಕೂವರೆ ಕೋಟಿ ಟನ್ ಸರಕನ್ನು ನಿಭಾಯಿಸುತ್ತದೆ. ಅದರಲ್ಲಿ ಬಹುಪಾಲು ಎಣ್ಣೆ, ಅನಿಲ, ಕಲ್ಲಿದ್ದಲು. ಬೆಂಗಳೂರಿನ ಕಾರ್ಖಾನೆಯ ಸರಕು ಅಲ್ಲಿ ಅತಿಥಿ. ಕಾರಣ ಒಂದು ಬೆಟ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ರೈಲು ಐವತ್ತಕ್ಕೆ ಒಂದರ ಇಳಿಜಾರಿನಲ್ಲಿ, ಐವತ್ತಕ್ಕೂ ಹೆಚ್ಚು ಸುರಂಗಗಳ ಮೂಲಕ, ಒಂದೇ ಜೋಡಿ ಕಂಬಿಯ ಮೇಲೆ ತೆವಳಬೇಕು. ಆ ದಾರಿಯನ್ನು 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಮುಚ್ಚಿದವರು ಸರಕಿಗೆ ತೆರೆದದ್ದು 2006ರಲ್ಲಿ. ಹತ್ತು ವರ್ಷ ಒಂದು ರಾಜ್ಯದ ರಾಜಧಾನಿಗೂ ಅದರ ಏಕೈಕ ಪ್ರಮುಖ ಬಂದರಿಗೂ ನೇರ ರೈಲಿನ ಸಂಬಂಧವಿರಲಿಲ್ಲ. ಬೆಂಗಳೂರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ! ಶಿರಾಡಿಯ ರಸ್ತೆಯ ವಿಷಯ ಹೇಳುವುದೇ ಬೇಡ. 2018ರಲ್ಲಿಯೂ 2024ರಲ್ಲಿಯೂ ಮಳೆಗಾಲದಲ್ಲಿ ಗುಡ್ಡ ಕುಸಿದು ರೈಲೂ ನಿಂತಿತು, ರಸ್ತೆಯೂ ನಿಂತಿತು.

ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕೇಳುತ್ತೇನೆ. ಮೊದಲನೆಯದು: ಚೆನ್ನೈಯೂ ಭಾರತವೇ ಅಲ್ಲವೆ, ಅಲ್ಲಿಂದ ಹೋದರೇನು ನಷ್ಟ? ನಷ್ಟವಿಲ್ಲ. ಚೆನ್ನೈ ನಮಗೆ ಪರದೇಶವಲ್ಲ. ಆ ಬಂದರು ಬೆಂಗಳೂರನ್ನು ಸಾಕಿದೆ, ಅದಕ್ಕೆ ಕೃತಜ್ಞರಾಗಿರೋಣ. ಆದರೆ ಪಶ್ಚಿಮಕ್ಕೆ, ಕೊಲ್ಲಿ ದೇಶಗಳಿಗೆ, ಆಫ್ರಿಕಕ್ಕೆ, ಯೂರೋಪಿಗೆ ಹೋಗಬೇಕಾದ ಸರಕು ಪೂರ್ವದ ಕಡಲಿಗಿಳಿದು ಲಂಕೆಯನ್ನು ಸುತ್ತುವುದು, ಮೂಗನ್ನು ಮುಟ್ಟಲು ಕೈಯನ್ನು ತಲೆಯ ಹಿಂದಿನಿಂದ ತಂದಂತೆ. ಆ ಸುತ್ತಿನ ವೆಚ್ಚವನ್ನು ದೊಡ್ಡ ಕಂಪನಿ ತಾಳಿಕೊಂಡೀತು. ಪೀಣ್ಯದ ಸಣ್ಣ ಕಾರ್ಖಾನೆಯವನು ಹೇಗೆ ತಾಳಿಯಾನು? ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕರಾವಳಿಯ ಹುಡುಗರು ಒಂದೊಂದು ತಲೆಮಾರಿನಲ್ಲಿಯೂ ಮುಂಬಯಿಗೆ, ದುಬಾಯಿಗೆ, ಬೆಂಗಳೂರಿಗೆ ವಲಸೆ ಹೋಗುತ್ತಿದ್ದಾರೆ. ಘಟ್ಟದ ಮೇಲಿನ ಸರಕು ಕೆಳಗಿಳಿದರೆ ಘಟ್ಟದ ಕೆಳಗಿನ ಜನ ಮೇಲೆ ಹತ್ತುವುದು ತಕ್ಕಮಟ್ಟಿಗೆ ನಿಲ್ಲುತ್ತದೆ.

ಎರಡನೆಯ ಉತ್ತರ ಇದಕ್ಕೆ ತದ್ವಿರುದ್ಧ: ಹಾಗಾದರೆ ನದಿಗೊಂದರಂತೆ ಹೊಸ ಬಂದರು ಕಟ್ಟೋಣ, ಘಟ್ಟವನ್ನು ಬೇಕಾದಲ್ಲೆಲ್ಲ ಸೀಳೋಣ. ಇದನ್ನು ನಾನು ಒಪ್ಪಲಾರೆ. ಹೊನ್ನಾವರದ ಕಾಸರಕೋಡಿನಲ್ಲಿಯೂ ಅಂಕೋಲೆಯ ಕೇಣಿಯಲ್ಲಿಯೂ ಮೀನುಗಾರರು ಖಾಸಗಿ ಬಂದರುಗಳಿಗೆ ಅಡ್ಡ ನಿಂತದ್ದು ಪ್ರಗತಿಯ ದ್ವೇಷದಿಂದಲ್ಲ. ದೋಣಿ ಎಳೆದಿಡುವ ಮರಳ ದಂಡೆಯೇ ಅವರ ಹೊಲ. ಹೊಲ ಹೋದವನಿಗೆ ಕ್ರೇನು ಕಂಡು ಸಂತೋಷವಾಗುವುದಿಲ್ಲ. ಜಿಬೂತಿಗೆ ಬಂದರಲ್ಲದೆ ಬೇರೆ ಜೀವನವಿಲ್ಲ, ಅದು ಇದ್ದುದೆಲ್ಲವನ್ನೂ ಪಣಕ್ಕಿಟ್ಟಿತು. ನಮಗೆ ಆ ದುರವಸ್ಥೆಯಿಲ್ಲ. ಇರುವ ಒಂದು ಬಾಗಿಲನ್ನು ಅಗಲಿಸಿ, ಅದಕ್ಕೆ ಹೋಗುವ ಒಂದು ದಾರಿಯನ್ನು, ಅದರಲ್ಲಿಯೂ ರೈಲನ್ನು, ಮಳೆಗಾಲಕ್ಕೆ ತಡೆದು ನಿಲ್ಲುವಂತೆ ಭದ್ರಪಡಿಸುವುದು ಹತ್ತು ಹೊಸ ಬಾಗಿಲುಗಳನ್ನು ಕೊರೆಯುವುದಕ್ಕಿಂತ ವಿವೇಕದ ಕೆಲಸ. ಹೆಚ್ಚು ಬಾಗಿಲುಗಳಿರುವ ಮನೆಯಲ್ಲಿ ಗೋಡೆ ಉಳಿಯುವುದಿಲ್ಲ. ನಮ್ಮ ಗೋಡೆ ಪಶ್ಚಿಮಘಟ್ಟ, ನಾಡಿನ ನದಿಗಳ ತವರು.

ಬಾಗಿಲಿನಿಂದ ಏನು ಹಾದುಹೋಗಬೇಕು ಎಂಬುದೂ ವಿಚಾರಾರ್ಹ. ಪಶ್ಚಿಮ ಆಫ್ರಿಕದಲ್ಲಿ ಬೆನಿನ್ ಎಂಬ ಇನ್ನೊಂದು ಪುಟ್ಟ ಬಂದರು ದೇಶವಿದೆ. ಮಂಗಳೂರು, ಕಾರ್ಕಳ, ಕುಂದಾಪುರಗಳ ಗೇರುಬೀಜದ ಕಾರ್ಖಾನೆಗಳಿಗೆ ಹಸಿ ಬೀಜ ಬಹುಮಟ್ಟಿಗೆ ಬರುವುದು ಆಫ್ರಿಕದಿಂದ. ಬೆನಿನ್ ಅಂಥ ದೇಶಗಳಲ್ಲೊಂದು. 2024ರ ಏಪ್ರಿಲಿನಿಂದ ಹಸಿ ಬೀಜವನ್ನು ಹೊರಗೆ ಕಳುಹಿಸಕೂಡದೆಂದು ಆ ದೇಶ ನಿಷೇಧ ಘೋಷಿಸಿತು. ಬೀಜ ಒಡೆಯುವ ಕೆಲಸ ತನ್ನ ಹೆಂಗಸರಿಗೇ ಸಿಗಲಿ ಎಂಬುದು ಅದರ ಆಶಯ. ನಮ್ಮ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಇದರಿಂದ ತೊಂದರೆಯೇ. ಆದರೂ ಆ ದೇಶವನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಕಾವಲುಗಾರನ ಸಂಬಳಕ್ಕಿಂತ ಕಸುಬುದಾರನ ಕೂಲಿ ಮೇಲೆಂದು ಅದು ಕಂಡುಕೊಂಡಿದೆ. ಅದುರನ್ನು ಅದುರಾಗಿಯೇ ಹೊರಗೆ ಸುರಿದ ನಾವು ಈ ಚಿಕ್ಕ ದೇಶದಿಂದ ಕಲಿಯಬಹುದು.

ಬೆಂಗಳೂರು ಇಂದು ಲೋಕದ ನಾನಾ ದೇಶಗಳೊಡನೆ ತಂತಿಯ ಮೂಲಕ ಮಾತನಾಡಿ ಸಂಪಾದಿಸುತ್ತಿದೆ. ತಂತಿಗೆ ಘಟ್ಟವಿಲ್ಲ, ಮಳೆಗಾಲವಿಲ್ಲ. ಆದ್ದರಿಂದಲೇ ಕಡಲು ತನಗೆ ವಿಹಾರದ ಸ್ಥಳವೆಂದು ಈ ಊರು ನಂಬಿಕೊಂಡಿದೆ. ಆದರೆ ತೂಕವುಳ್ಳ ವಸ್ತುಗಳೆಲ್ಲ ಇಂದಿಗೂ ನೀರಿನ ಮೇಲೆಯೇ ಓಡಾಡುತ್ತವೆ. ಕಾಫಿಯ ಮೂಟೆಗೂ ಬೇಳೆಯ ಚೀಲಕ್ಕೂ ಯಂತ್ರದ ಪೆಟ್ಟಿಗೆಗೂ ಬೇಕಾದದ್ದು ರೇವು, ರೈಲು, ಅವನ್ನು ಎತ್ತಿ ಇಳಿಸುವ ಕೈಗಳು. 157 ವರ್ಷ ಪರರ ಬಾಗಿಲಲ್ಲಿ ಕಾದು ನಿಂತ ನಾಡಿಗೆ ಸ್ವಂತ ಬಾಗಿಲು ದೊರೆತು ಎಪ್ಪತ್ತು ವರ್ಷಗಳಾಗುತ್ತಿವೆ. ಹತ್ತು ಲಕ್ಷ ಜನರ ಒಂದು ಮರಳುಗಾಡು ತನ್ನ ಬಾಗಿಲನ್ನು ನಂಬಿ ಜಗತ್ತನ್ನೆಲ್ಲ ಬರಮಾಡಿಕೊಂಡಿದೆ. ಎಲ್ಲ ಸಿರಿಯೂ ಉಳ್ಳ ನಾವು ನಮ್ಮದೇ ಬಾಗಿಲಿನವರೆಗೆ ನಡೆದು ಹೋಗುವ ದಾರಿಯನ್ನಾದರೂ ನೆಟ್ಟಗೆ ಮಾಡಿಕೊಳ್ಳಬೇಡವೆ?